ನೆನಪಿದ್ದರೆ ಮತ್ತೆ ಯಾಕೆ ಬಿದ್ದೆ?

"ನೆನಪೈತೆ ಅಂತೀರಿ, ಹಂಗಾದ್ರೆ ಮತ್ತೆ ಯಾಕವ್ವಾ ಬಿದ್ದೆ ನಾನು?"

ಆಕ್ಸಿಜನ್ ಮಾಸ್ಕನ್ನು ಗಲ್ಲದವರೆಗೆ ಸರಿಸಿಕೊಂಡು, ಎರಡು ಉಸಿರಿನ ನಡುವೆ ಆ ಹಿರಿಯರು ಕೇಳಿದ ಈ ಮಾತು ಹತ್ತು ದಿನಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. ಊಟಕ್ಕೆ ಕುಳಿತಾಗ, ಬಸ್ಸಿನಲ್ಲಿ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ದನಿಯಲ್ಲಿ ಮತ್ತೆ ಮತ್ತೆ ಕೇಳಿಸುತ್ತದೆ. ವೈರಲ್ ನ್ಯುಮೋನಿಯ ರೋಗಿಗಳ ರಕ್ತದಲ್ಲಿರುವ ಸ್ಮರಣ ಕೋಶಗಳನ್ನು ಎಣಿಸುವುದೇ ಆರು ವರ್ಷಗಳಿಂದ ನನ್ನ ಉದ್ಯೋಗ. ಆ ಪ್ರಶ್ನೆಗೆ ಅಂದು ನಾನು ಉತ್ತರ ಕೊಡದೆ ಬಂದೆ.

ನನಗೆ ವಾರ್ಡಿನ ಪರಿಚಯ ಕಡಿಮೆ. ರಕ್ತ ನಮ್ಮ ಪ್ರಯೋಗಾಲಯಕ್ಕೆ ಹಸಿರು ಮುಚ್ಚಳದ ಟ್ಯೂಬುಗಳಲ್ಲಿ, ಹೆಸರಿಲ್ಲದೆ, ಒಂದು ಸಂಖ್ಯೆಯನ್ನಷ್ಟೇ ಹೊತ್ತು ಬರುತ್ತದೆ. ಒಪ್ಪಿಗೆ ಪತ್ರ ಓದಿ ಹೇಳುವ ಸಹೋದ್ಯೋಗಿ ಹೆರಿಗೆ ರಜೆಯ ಮೇಲಿದ್ದುದರಿಂದ ಕಳೆದ ವಾರ ಆ ಕೆಲಸ ನನ್ನ ಪಾಲಿಗೆ ಬಂತು. ಹಿರಿಯರಿಗೆ ಅರವತ್ತೆಂಟು ವರ್ಷ. ತುಮಕೂರಿನ ಕಡೆಯವರು, ತೆಂಗು ಮತ್ತು ರಾಗಿ ಬೆಳೆಯುವವರು, ಸಕ್ಕರೆ ಕಾಯಿಲೆಯೂ ಇದೆ. 2015ರಲ್ಲಿ ಹಂದಿಜ್ವರವೆಂದು ಆರು ದಿನ ಆಸ್ಪತ್ರೆಯಲ್ಲಿದ್ದವರು. 2021ರಲ್ಲಿ ಕೊರೊನಾ ಬಂದು ಮನೆಯಲ್ಲಿಯೇ ಗುಣವಾಗಿತ್ತು. ಈ ಸಲ ಫ್ಲೂ, ಅಂದರೆ ಎಚ್3ಎನ್2 ಇನ್‌ಫ್ಲುಯೆನ್ಜ. ಎರಡೂ ಶ್ವಾಸಕೋಶಗಳ ಕೆಳಭಾಗ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತಿತ್ತು.

ನಮ್ಮ ಮಾಹಿತಿ ಪತ್ರದ ಕನ್ನಡದಲ್ಲಿ ಸ್ಮರಣ ಕೋಶಗಳನ್ನು "ಜ್ಞಾಪಕಶಕ್ತಿಯ ಜೀವಕೋಶಗಳು" ಎಂದು ಬರೆಯಲಾಗಿದೆ. ಅದನ್ನು ಓದಿದಾಗ ಅವರ ಪತ್ನಿ ಗಾಬರಿಯಿಂದ, "ಇವ್ರಿಗೆ ಮರೆವಿನ ಕಾಯ್ಲೆ ಏನೂ ಇಲ್ವಲ್ಲಮ್ಮಾ, ಕಫಕ್ಕೆ ಅಂತ ತಾನೇ ಬಂದಿರೋದು" ಎಂದರು. ಆಗ ನಾನು ಆ ಪತ್ರವನ್ನು ಮಡಿಸಿಟ್ಟು, ನನ್ನದೇ ಮಾತಿನಲ್ಲಿ ಹೇಳಿದೆ: ನಮ್ಮ ರಕ್ತದಲ್ಲಿ ಕೆಲವು ಬಿಳಿಯ ಕೋಶಗಳಿರುತ್ತವೆ, ಒಮ್ಮೆ ಎದುರಾದ ವೈರಸ್ಸನ್ನು ಅವು ಮರೆಯುವುದಿಲ್ಲ, ಅದೇ ವೈರಸ್ಸು ಮತ್ತೆ ಬಂದರೆ ಗುರುತು ಹಿಡಿದು ಹೋರಾಡುತ್ತವೆ, ನಿಮ್ಮಲ್ಲಿ ಅವು ಎಷ್ಟಿವೆ ಎಂದು ನೋಡುತ್ತೇವೆ. ಶಾಲಾ ಮಕ್ಕಳಿಗೆ ನೂರು ಸಲ ಹೇಳಿದ ವಾಕ್ಯ ಅದು. ಹಿರಿಯರು ಅದನ್ನು ಪೂರ್ತಿ ಕೇಳಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಮಾಸ್ಕ್ ಸರಿಸಿದರು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಕಿರಿಯ ವೈದ್ಯರು, "ಅದೆಲ್ಲ ನಿಮಗೆ ಬೇಡ ಯಜಮಾನ್ರೇ, ಮಾಸ್ಕ್ ಹಾಕ್ಕೊಳ್ಳಿ" ಎಂದರು. ಅವರು ಒಳ್ಳೆಯವರು, ರಾತ್ರಿಯಿಡೀ ಕಣ್ಣು ಮುಚ್ಚದೆ ಕೆಲಸ ಮಾಡಿದ್ದರು. ಮಾಸ್ಕ್ ಹಾಕಿಕೊಳ್ಳಿ ಎಂದದ್ದೂ ಸರಿಯೇ. ಆದರೆ "ನಿಮಗೆ ಬೇಡ" ಎಂಬುದು ಸರಿಯಲ್ಲ. ಹತ್ತು ಮಿಲಿಲೀಟರ್ ರಕ್ತವನ್ನು ಅವರಿಂದ ಕೇಳಿ ಪಡೆಯುತ್ತಿರುವವರು ನಾವು, ಆ ರಕ್ತ ಅವರದು, ಮತ್ತು ಅವರು ಕೇಳಿದ ಪ್ರಶ್ನೆ ನಮ್ಮ ಅಧ್ಯಯನದ ನಟ್ಟನಡುವಿನ ಪ್ರಶ್ನೆ. ನಾನೂ ಸುಮ್ಮನಾದೆ, ಅದು ಆ ವೈದ್ಯರ ಮಾತಿಗಿಂತ ದೊಡ್ಡ ತಪ್ಪು. ರಕ್ತ ತೆಗೆದ ನರ್ಸ್ ಮಾತ್ರ, ನರ ಸಿಗದ ಆ ಕೈಯನ್ನು ಎರಡು ನಿಮಿಷ ತನ್ನ ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿ, "ಆಮೇಲೆ ಹೇಳ್ತಾರೆ ಬಿಡಿ ಅಪ್ಪಾಜಿ" ಎಂದರು. ನನ್ನ ಪರವಾಗಿ ಅವರು ಕೊಟ್ಟ ಮಾತು ಅದು.

ಪ್ರಯೋಗಾಲಯಕ್ಕೆ ಬಂದು ರಕ್ತವನ್ನು ಎಂದಿನಂತೆ ತೆಳುವಾಗಿಸಿ, ಫೈಕಾಲ್ ಎಂಬ ದ್ರವದ ಮೇಲೆ ನಿಧಾನವಾಗಿ ಇಳಿಸಿ, ಸೆಂಟ್ರಿಫ್ಯೂಜಿನಲ್ಲಿ ಅರ್ಧ ಗಂಟೆ ತಿರುಗಿಸಿದೆ. ಹೊರಗೆ ತೆಗೆದಾಗ ಕೆಂಪು ಕಣಗಳು ತಳದಲ್ಲಿ ಗಟ್ಟಿಯಾಗಿ ಕುಳಿತಿರುತ್ತವೆ, ಮೇಲೆ ಹಳದಿ ಪ್ಲಾಸ್ಮಾ, ಇವೆರಡರ ನಡುವೆ, ಕಾಸಿದ ಹಾಲು ಆರಿದಾಗ ಕಟ್ಟುವ ಕೆನೆಯಂತಹ ಒಂದು ಬಿಳಿಯ ಉಂಗುರ. ನಾವು ಹುಡುಕುವ ಕೋಶಗಳೆಲ್ಲ ಆ ಉಂಗುರದಲ್ಲಿರುತ್ತವೆ. ಅಂದು ಟ್ಯೂಬನ್ನು ಬೆಳಕಿಗೆ ಹಿಡಿದು ತಿರುಗಿಸಿದರೂ ಉಂಗುರ ಸರಿಯಾಗಿ ಕಾಣಲಿಲ್ಲ. ಮಬ್ಬು ಗೆರೆಯೊಂದು ಮಾತ್ರ ಇತ್ತು. ವಾರ್ಡಿನ ವರದಿಯಲ್ಲಿ, ಸ್ಮರಣ ಕೋಶಗಳೂ ಸೇರಿರುವ ಲಿಂಫೋಸೈಟುಗಳೆಂಬ ಬಿಳಿಯ ಕೋಶಗಳ ಸಂಖ್ಯೆ ಮೈಕ್ರೋಲೀಟರಿಗೆ 540 ಎಂದಿತ್ತು. ವಯಸ್ಕರಲ್ಲಿ ಅದು ಸಾಮಾನ್ಯವಾಗಿ ಸಾವಿರಕ್ಕಿಂತ ಮೇಲಿರಬೇಕು. ಇಂತಹ ಮಬ್ಬು ಗೆರೆಗಳನ್ನು ಕೊರೊನಾ ಕಾಲದಿಂದಲೂ ನೋಡಿದ್ದೇನೆ. ತೀವ್ರವಾದ ವೈರಲ್ ನ್ಯುಮೋನಿಯದಲ್ಲಿ ರಕ್ತದ ಲಿಂಫೋಸೈಟುಗಳು ಕುಸಿಯುತ್ತವೆ ಎಂಬುದು ನಮಗೆಲ್ಲ ಬಾಯಿಪಾಠ. ಅಂದು ಮೊದಲ ಸಲ ಆ ಗೆರೆಯ ಹಿಂದೆ ಒಂದು ಮುಖವೂ ಒಂದು ಪ್ರಶ್ನೆಯೂ ಇದ್ದವು.

ಮರೆಯುವುದಿಲ್ಲ ಎಂದು ನಾನು ಹೇಳಿದ್ದು ಸುಳ್ಳಲ್ಲ. 1918ರ ಇನ್‌ಫ್ಲುಯೆನ್ಜ ಮಹಾಮಾರಿಯನ್ನು ಬಾಲ್ಯದಲ್ಲಿ ಕಂಡು ಬದುಕಿದ್ದ 32 ಮಂದಿಯ ರಕ್ತವನ್ನು ಸುಮಾರು ತೊಂಬತ್ತು ವರ್ಷಗಳ ನಂತರ ಅಮೆರಿಕದಲ್ಲಿ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಷ್ಟೂ ಜನರ ರಕ್ತ ಆ ಹಳೆಯ ವೈರಸ್ಸಿಗೆ ಸ್ಪಂದಿಸಿತು, ಬಿ ಕೋಶಗಳೆಂಬ ಬಿಳಿಯ ಕೋಶಗಳನ್ನು ನೋಡಿದ ಎಂಟು ಜನರಲ್ಲಿ ಏಳು ಜನರ ಕೋಶಗಳು ಅದರ ವಿರುದ್ಧ ಪ್ರತಿಕಾಯಗಳನ್ನು, ಅಂದರೆ ವೈರಸ್ಸಿಗೆ ಅಂಟಿಕೊಳ್ಳುವ ಪ್ರೋಟೀನುಗಳನ್ನು, ಇನ್ನೂ ತಯಾರಿಸುತ್ತಿದ್ದವು. 2003ರ, ಕೊರೊನಾ ಕುಟುಂಬದ ವೈರಸ್ಸಿನಿಂದ ಬಂದ ಸಾರ್ಸ್‌ನಿಂದ ಗುಣವಾದವರಲ್ಲಿ ಆ ವೈರಸ್ಸನ್ನು ಗುರುತಿಸುವ ಟಿ ಕೋಶಗಳು, ಇವೂ ಬಿಳಿಯ ಕೋಶಗಳೇ, 17 ವರ್ಷಗಳ ನಂತರವೂ ಇದ್ದುದನ್ನು ಸಿಂಗಪುರದ ವಿಜ್ಞಾನಿಗಳು 2020ರಲ್ಲಿ ತೋರಿಸಿದರು. ಮೊದಲ ಬಾರಿ ಓದಿದಾಗ ಕಣ್ಣು ತುಂಬಿಸಿದ ಸಂಗತಿಗಳಿವು. ಆದರೆ ಹಿರಿಯರು ಕೇಳಿದ್ದು ನೆನಪು ಎಷ್ಟು ಕಾಲ ಉಳಿಯುತ್ತದೆ ಎಂದಲ್ಲ. ಉಳಿದ ನೆನಪು ತಮಗೆ ಯಾಕೆ ಒದಗಲಿಲ್ಲ ಎಂದು.

ಅದಕ್ಕೆ ಉತ್ತರವನ್ನು ಆ ರಾತ್ರಿ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಲು ಕುಳಿತೆ. ಬರೆಯುತ್ತಾ ಹೋದಂತೆ, ನಾನು ದಿನವೂ ಬಳಸುವ "ನೆನಪು" ಎಂಬ ಪದ ಆ ಕೋಶಗಳಿಂದ ಸಾಧ್ಯವಾಗದ ಭರವಸೆಯನ್ನು ಜನರಿಗೆ ಕೊಡುತ್ತದೆ ಎಂಬುದು ಅರಿವಾಯಿತು. ಹಂದಿಜ್ವರದ ಎಚ್1ಎನ್1 ವೈರಸ್ಸಿನ ಹೊರಮೈಗೆ ಹೊಂದುವ ಪ್ರತಿಕಾಯ ಎಚ್3ಎನ್2 ವೈರಸ್ಸಿನ ಹೊರಮೈಯನ್ನು ಸಾಮಾನ್ಯವಾಗಿ ಹಿಡಿಯಲಾರದು. ಹೊರಮೈಯಾದರೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತಲೇ ಇರುತ್ತದೆ, ಫ್ಲೂ ಲಸಿಕೆಯನ್ನು ಪ್ರತಿವರ್ಷ ಹಾಕಿಸಿಕೊಳ್ಳಬೇಕಾದದ್ದು ಬಹುಮಟ್ಟಿಗೆ ಅದಕ್ಕಾಗಿಯೇ. ವೈರಸ್ಸಿನ ಒಳಗಿನ ಪ್ರೋಟೀನುಗಳು ಅಷ್ಟಾಗಿ ಬದಲಾಗುವುದಿಲ್ಲ, ಟಿ ಕೋಶಗಳು ಅವುಗಳ ತುಣುಕುಗಳನ್ನು ಗುರುತಿಸಬಲ್ಲವು. ಆದರೆ ಟಿ ಕೋಶಕ್ಕೆ ಗಾಳಿಯಲ್ಲಿ ತೇಲುವ ವೈರಸ್ಸು ಕಾಣುವುದಿಲ್ಲ. ವೈರಸ್ಸು ನಮ್ಮ ಜೀವಕೋಶವೊಂದನ್ನು ಹೊಕ್ಕು, ಆ ಜೀವಕೋಶ ತನ್ನ ಮೈಮೇಲೆ ವೈರಸ್ಸಿನ ತುಣುಕನ್ನು ತೋರಿಸಿದ ಮೇಲೆಯೇ ಅದಕ್ಕೆ ಗೊತ್ತಾಗುವುದು. ಈ ಸತ್ಯವನ್ನು ಕಂಡುಹಿಡಿದದ್ದಕ್ಕೆ ಡೊಹರ್ಟಿ ಮತ್ತು ಜಿಂಕರ್ನಾಗೆಲ್ ಅವರಿಗೆ 1996ರಲ್ಲಿ ನೊಬೆಲ್ ಬಂತು. ಅಂದರೆ ಟಿ ಕೋಶಗಳ ನೆನಪು ಕಾಯಿಲೆ ಬರುವುದನ್ನು ತಡೆಯುವ ನೆನಪಲ್ಲ; ಬಂದ ಕಾಯಿಲೆ ಮಿತಿಮೀರದಂತೆ ನೋಡಿಕೊಳ್ಳುವ ನೆನಪು. 2009ರ ಹಂದಿಜ್ವರ ಮಹಾಮಾರಿಯ ಕಾಲದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 342 ಆರೋಗ್ಯವಂತರನ್ನು ಹಿಂಬಾಲಿಸಿದಾಗ ಕಂಡದ್ದೂ ಇದೇ: ಇಂತಹ ಟಿ ಕೋಶಗಳು ಹೆಚ್ಚಿದ್ದವರಿಗೂ ಸೋಂಕು ತಗಲಿತು, ಆದರೆ ಅವರು ಹೆಚ್ಚು ನರಳಲಿಲ್ಲ. ಚೀನಾದಲ್ಲಿ 2013ರಲ್ಲಿ ಎಚ್7ಎನ್9 ಹಕ್ಕಿಜ್ವರದಿಂದ ಆಸ್ಪತ್ರೆ ಸೇರಿದವರಲ್ಲಿ, ಸೋಂಕಿದ ಜೀವಕೋಶಗಳನ್ನು ಕೊಲ್ಲುವ ಟಿ ಕೋಶಗಳು ಬೇಗನೆ ಎಚ್ಚೆತ್ತವರು ಎರಡು ಮೂರು ವಾರಗಳಲ್ಲಿ ಮನೆಗೆ ಹೋದರು. ತಡವಾಗಿ ಎಚ್ಚೆತ್ತವರು ತಡವಾಗಿ ಹೋದರು.

ಮತ್ತೆ ಸ್ಥಳದ ಪ್ರಶ್ನೆ. ನಾವು ನೋಡುವುದು ಕೈಯ ರಕ್ತವನ್ನು. ಜಗಳ ನಡೆಯುತ್ತಿರುವುದು ಶ್ವಾಸಕೋಶದಲ್ಲಿ. ಶ್ವಾಸಕೋಶದ ಗೋಡೆಯಲ್ಲಿಯೇ ಬೀಡುಬಿಟ್ಟು, ರಕ್ತಕ್ಕೆ ಮರಳದ ಸ್ಮರಣ ಟಿ ಕೋಶಗಳೂ ಇವೆ. ಸೋಂಕಿಗೆ ಮೊದಲು ಸ್ಪಂದಿಸುವವು ಅವೇ. ಇಲಿಗಳ ಶ್ವಾಸಕೋಶದಲ್ಲಿ ಅವು ಕೆಲವೇ ತಿಂಗಳಲ್ಲಿ ಕರಗಿಹೋಗುತ್ತವೆ, ಹಾಗೆ ಕರಗಿದಂತೆ ರಕ್ಷಣೆಯೂ ಇಳಿಯುತ್ತದೆ. ರಕ್ತದಲ್ಲಿಯೂ ದುಗ್ಧಗ್ರಂಥಿಗಳಲ್ಲಿಯೂ ಉಳಿದವುಗಳು ಎಚ್ಚೆತ್ತು, ದ್ವಿಗುಣಗೊಳ್ಳುತ್ತಾ ಅಲ್ಲಿಗೆ ತಲುಪಲು ಕೆಲವು ದಿನಗಳು ಬೇಕು. ವಯಸ್ಸಾದಂತೆ ಆ ವೇಗವೂ ಕುಗ್ಗುತ್ತದೆ. ಎದೆಯೊಳಗಿನ, ಟಿ ಕೋಶಗಳು ಬೆಳೆಯುವ ಥೈಮಸ್ ಗ್ರಂಥಿ ಒಣಗಿ, ಹೊಸ ವೈರಸ್ಸುಗಳನ್ನು ಕಲಿಯಬಲ್ಲ ಎಳೆಯ ಕೋಶಗಳು ವಿರಳವಾಗುತ್ತವೆ.

ಮಾರನೆಯ ದಿನ ಸಂಜೆ, ಕೆಲಸ ಮುಗಿದ ಮೇಲೆ, ಆ ಹಾಳೆಯನ್ನು ಹಿಡಿದು ವಾರ್ಡಿಗೆ ಹೋದೆ. ಓದಲಿಲ್ಲ, ಪಕ್ಕದಲ್ಲಿ ಕುಳಿತು ಹೇಳಿದೆ. ಶ್ವಾಸಕೋಶದಲ್ಲಿಯೇ ಉಳಿಯುವ ಕೋಶಗಳು, ಬೇರೆ ಕಡೆಯಿಂದ ಬರಬೇಕಾದ ಕೋಶಗಳು ಎಂದು ನಾನು ತಡವರಿಸುತ್ತಿರುವಾಗ ಅವರೇ ಕೈಸನ್ನೆ ಮಾಡಿ ನಿಲ್ಲಿಸಿದರು. "ಗೊತ್ತಾಯ್ತು. ಹೊಲದಾಗೆ ಅಟ್ಟಣೆ ಮೇಲೆ ಮಲಗಿ ಕಾಯೋರು ಬೇರೆ, ಊರಾಗೆ ಮಲಗಿರೋರು ಬೇರೆ. ಅಟ್ಟಣೆ ಮೇಲೆ ಯಾರೂ ಇಲ್ದಿದ್ರೆ, ಊರೋರು ಎದ್ದು ಪಂಜು ಹಿಡ್ಕೊಂಡು ಓಡಿ ಬರೋ ಹೊತ್ಗೆ ಕಾಡುಹಂದಿ ಅರ್ಧ ಹೊಲ ಉತ್ತಾಕಿರ್ತದೆ. ಹಂದಿ ಗುರುತು ಇಲ್ಲ ಅಂತಲ್ಲ." ಇಷ್ಟು ಹೇಳುವಷ್ಟರಲ್ಲಿ ಅವರಿಗೆ ಉಸಿರು ಕಟ್ಟಿ, ಪತ್ನಿ ಮಾಸ್ಕನ್ನು ಮೇಲಕ್ಕೆ ಎಳೆದರು. ಆರು ವರ್ಷಗಳಲ್ಲಿ ಎಷ್ಟೋ ಉಪನ್ಯಾಸಗಳಲ್ಲಿ ನಾನು ಸೈನಿಕರ ಚಿತ್ರ ಹಾಕಿ ವಿವರಿಸಿದ್ದೇನೆ; ಯಾವ ಸೈನಿಕನೂ ಈ ಅಟ್ಟಣೆಯಷ್ಟು ನಿಖರವಾಗಿ ಆ ವಿಷಯವನ್ನು ಹೇಳಿರಲಿಲ್ಲ. ಅಲ್ಲಿಯವರೆಗೆ ಮೊಬೈಲಿನಲ್ಲಿ ಮುಳುಗಿದ್ದಾರೆ ಎಂದು ನಾನು ಭಾವಿಸಿದ್ದ ಅವರ ಮಗ ತಲೆಯೆತ್ತಿ, "ಅಪ್ಪಂಗೆ ಪ್ರತಿವರ್ಷ ಹಾಕಿಸಬೇಕಾದ ಲಸಿಕೆ ಅಂದ್ರಲ್ಲ, ಅದರ ಹೆಸರು ಇನ್ನೊಂದ್ಸಲ ಹೇಳಿ ಮೇಡಂ, ಬರ್ಕೊಳ್ತಿದೀನಿ" ಎಂದರು. ಅವರ ಬಗ್ಗೆ ಮನಸ್ಸಿನಲ್ಲಿ ತಪ್ಪು ತಿಳಿದಿದ್ದಕ್ಕೆ ನನಗೆ ನಾಚಿಕೆಯಾಯಿತು. ಅರವತ್ತೈದು ದಾಟಿದ, ಸಕ್ಕರೆ ಕಾಯಿಲೆಯಿರುವ, ಒಮ್ಮೆ ಹಂದಿಜ್ವರದಿಂದ ಮಲಗಿದ್ದ ಒಬ್ಬರಿಗೆ ಇಷ್ಟು ವರ್ಷಗಳಲ್ಲಿ ಯಾರೂ ಫ್ಲೂ ಲಸಿಕೆಯ ಹೆಸರೆತ್ತಿರಲಿಲ್ಲ ಎಂಬುದು ನನಗೆ ಇಂದಿಗೂ ಸಂಕಟದ ವಿಷಯ. ಅದು ಖಚಿತ ಕಾವಲಲ್ಲ, ಆದರೂ ಮಳೆಗಾಲಕ್ಕೆ ಮುಂಚೆ ಹಾಕಿಸಿದ್ದರೆ ಹೊಲದಲ್ಲಿ ಒಂದು ಪಂಜಾದರೂ ಇರುತ್ತಿತ್ತು.

ಹೊರಡುವಾಗ ಅವರು ಇನ್ನೊಂದು ಕೇಳಿದರು: "ನನ್ ರಕ್ತದಾಗೆ ಊರೋರು ಎಷ್ಟು ಜನ ಅವ್ರೆ?" ಮಬ್ಬು ಗೆರೆಯ ವಿಷಯವನ್ನು ಮರೆಮಾಚಬಾರದು ಎನಿಸಿತು. ಕಡಿಮೆ ಇದ್ದಾರೆ, ಕೆಲವರು ಶ್ವಾಸಕೋಶದ ಕಡೆಗೆ ಹೋಗಿರುತ್ತಾರೆ, ಕೆಲವರು ಸತ್ತಿರುತ್ತಾರೆ, ಯಾರು ಎಷ್ಟು ಎಂದು ಕೈಯ ರಕ್ತ ನೋಡಿ ಹೇಳಲಾಗುವುದಿಲ್ಲ ಎಂದೆ. ಅವರು ತಲೆಯಾಡಿಸಿದರು. ಅಂದು ರಾತ್ರಿ, ಕೋಶಗಳನ್ನು ಗುರುತಿಸಿ ಎಣಿಸುವ ಯಂತ್ರದ ಪರದೆಯಲ್ಲಿ, ಉಳಿದಿದ್ದ ಆ ಕೆಲವೇ ಟಿ ಕೋಶಗಳಲ್ಲಿ ಬಹುಪಾಲು ಸ್ಮರಣ ಕೋಶಗಳ ಗುರುತನ್ನು ಹೊತ್ತಿದ್ದವು, ಅವುಗಳಲ್ಲಿಯೂ ಎಚ್ಚರಗೊಂಡ ಲಕ್ಷಣವಾದ ಸಿಡಿ38 ಎದ್ದು ಕಾಣುತ್ತಿತ್ತು. ಒಬ್ಬಳೇ ಕುಳಿತು ಆ ಚುಕ್ಕಿಗಳ ಗುಂಪನ್ನು ಬಹಳ ಹೊತ್ತು ನೋಡಿದೆ. ಪಂಜು ಹಿಡಿದು ಓಡುತ್ತಿರುವ ಊರು ಎಂದು ಮೊದಲ ಬಾರಿ ಅನಿಸಿತು.

ಎಚ್ಚರಗೊಂಡ ಕೋಶಗಳು ಒಳ್ಳೆಯದನ್ನೇ ಮಾಡುತ್ತವೆ ಎಂದು ನಂಬುವಂತಿಲ್ಲ. ಸೋಂಕಿದ ಜೀವಕೋಶಗಳನ್ನು ಕೊಲ್ಲುವಾಗ ಉಸಿರಾಡುವ ತೆಳುಪೊರೆಯನ್ನೂ ಅವು ಹರಿಯಬಲ್ಲವು. ಆರನೆಯ ದಿನ ಅವರ ಆಕ್ಸಿಜನ್ ಬೇಡಿಕೆ ಏರಿದಾಗ ನನ್ನ ಎದೆ ಹೊಡೆದುಕೊಂಡದ್ದು ಅದಕ್ಕೇ. ಎಂಟನೆಯ ದಿನ ಇಳಿಯಿತು. ನಿನ್ನೆ, ಹತ್ತನೆಯ ದಿನ, ಎರಡನೆಯ ರಕ್ತ ಬಂತು, ಲಿಂಫೋಸೈಟು 1,310.

ಟ್ಯೂಬನ್ನು ವಾರ್ಡಿಗೆ ಒಯ್ಯುವಂತಿಲ್ಲ. ಹಾಗಾಗಿ ಎರಡೂ ದಿನಗಳ ಟ್ಯೂಬುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಸಂಖ್ಯೆ ಬಿಟ್ಟರೆ ಅವುಗಳ ಮೇಲೆ ಬೇರೇನೂ ಇಲ್ಲ. ಹಿರಿಯರು ಮಾಸ್ಕ್ ಇಲ್ಲದೆ, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಮೊದಲನೆಯದನ್ನು ಕಣ್ಣು ಕಿರಿದು ಮಾಡಿ ನೋಡಿದರು, ಎರಡನೆಯದನ್ನು ನೋಡಿದರು, ಮತ್ತೆ ಮೊದಲನೆಯದಕ್ಕೆ ಹೋದರು. ಆಮೇಲೆ ಬೆರಳಿನಿಂದ ಬಿಳಿಯ ಉಂಗುರದ ಮೇಲೆ ಮುಟ್ಟಿ, ಮೊಬೈಲನ್ನು ಪತ್ನಿಯ ಕಡೆಗೆ ತಿರುಗಿಸಿದರು.

"ನೋಡಿಲ್ಲಿ, ಕೆನೆ ಕಟ್ಟೈತೆ."