ಬಸ್ ಇಳಿದರೆ ಕಡಲು

ಅವ್ವನಿಗೆ ಎಪ್ಪತ್ತೆರಡು. ಎರಡೂ ಮಂಡಿ ಸವೆದಿವೆ. ಮೆಟ್ಟಿಲು ಕಂಡರೆ ಮೊದಲು ಅದನ್ನು ಬೈದು ಆಮೇಲೆ ಹತ್ತುತ್ತಾಳೆ. ಹುಟ್ಟಿದ್ದು, ಮದುವೆಯಾಗಿ ಹೋಗಿದ್ದು ಎರಡೂ ಚನ್ನಗಿರಿ ಸೀಮೆಯಲ್ಲೇ ಆದ್ದರಿಂದ ನೀರಿನ ವಿಷಯಕ್ಕೆ ಅವಳ ಬಳಿ ಇರುವ ಅಳತೆ ಒಂದೇ, ಸೂಳೆಕೆರೆ. ಟೀವಿಯಲ್ಲಿ ಯಾವ ಊರಿನ ಪ್ರವಾಹ ತೋರಿಸಿದರೂ "ಸೂಳೆಕೆರೆಯಷ್ಟಿಲ್ಲ ಬಿಡು" ಅನ್ನುವವಳು. ಸಮುದ್ರವನ್ನು ಮಾತ್ರ ಕಂಡಿರಲಿಲ್ಲ.

ಜನವರಿಯ ಮೊದಲ ವಾರ ಕೊಲ್ಲೂರಿಗೆ ಹೋದಾಗ ಇದೊಂದನ್ನೂ ಮುಗಿಸಿಬಿಡೋಣ ಅಂತ ಮನಸ್ಸಿನಲ್ಲಿತ್ತು. ಮಲ್ಪೆ ಅಂದುಕೊಂಡೆ, ಅಲ್ಲಿ ನೀರು ಮುಟ್ಟಬೇಕಾದರೆ ಹೂಳುವ ಮರಳಲ್ಲಿ ಅಷ್ಟು ದೂರ ನಡೆಯಬೇಕು. ಗೋಕರ್ಣದ ಓಂ ಬೀಚಿಗೆ ಮೆಟ್ಟಿಲು, ಮುಗೀತು ಕಥೆ. ಲಾಡ್ಜಿನ ಹುಡುಗನೇ ಪರಿಹಾರ ಹೇಳಿದ: "ಮರವಂತೆಗೆ ಹೋಗಿ, ಅಲ್ಲಿ ರಸ್ತೆ ಬದಿಗೇ ಸಮುದ್ರ."

ಬೆಳಿಗ್ಗೆ ಸೌಪರ್ಣಿಕೆಯಲ್ಲಿ ಕಾಲು ತೊಳೆದು, ಅಮ್ಮನವರ ದರ್ಶನ ಮುಗಿಸಿ, ಕುಂದಾಪುರದ ಬಸ್ ಹತ್ತಿದೆವು. ಚಿತ್ತೂರು, ವಂಡ್ಸೆ ದಾಟಿ ಹೆಮ್ಮಾಡಿ ಹತ್ತಿರಾಗುತ್ತಿದ್ದಂತೆ ಗದ್ದೆಗಳಲ್ಲಿ ಹಳದಿ ಸೇವಂತಿಗೆ. ಸಂಕ್ರಾಂತಿಗೆ ಮಾರಣಕಟ್ಟೆ ಜಾತ್ರೆಗೆ ಹೋಗುವ ಹೂವು ಇದೇ. ಹೆಮ್ಮಾಡಿಯಲ್ಲಿ ಇಳಿದು ಬೈಂದೂರು ಕಡೆಯ ಬಸ್ ಹಿಡಿದೆವು.

"ಹ್ವಾಯ್, ಎಲ್ಲಿಗ್?" ಅಂದ ಕಂಡಕ್ಟರ್.

"ಮರವಂತೆ. ಬೀಚ್ ಹತ್ರ."

"ಹತ್ರ ಎಂತಕೆ ಮಾರಾಯ್ರೆ, ಬೀಚಲ್ಲೇ ಇಳಿಸ್ತೆ."

ಮಾತಿಗೆ ತಪ್ಪಲಿಲ್ಲ. ತ್ರಾಸಿ ದಾಟಿದ್ದೇ ಎಡಗಡೆಯ ಕಿಟಕಿಯೆಲ್ಲ ನೀಲಿಯಾಯಿತು. ರಾಷ್ಟ್ರೀಯ ಹೆದ್ದಾರಿ 66, ಹಳಬರ ಬಾಯಲ್ಲಿ ಇನ್ನೂ 17, ಇಲ್ಲಿ ಒಂದು ಪಟ್ಟಿಯಷ್ಟು ನೆಲದ ಮೇಲೆ ಓಡುತ್ತದೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ನದಿ. ಉತ್ತರಕ್ಕೆ ಹೋಗುವ ಬಸ್ಸಾದ್ದರಿಂದ ಕಡಲ ಬದಿಗೇ ನಿಂತಿತು. ಅವ್ವ ಬಸ್ಸಿನ ಎರಡು ಮೆಟ್ಟಿಲಿಗೆ ಬೈದು ಕೆಳಗಿಳಿದು, ತಲೆಯೆತ್ತಿ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಏನೂ ಅನ್ನಲಿಲ್ಲ. ಸೂಳೆಕೆರೆ ಈಗ ಬರುತ್ತೆ, ಈಗ ಬರುತ್ತೆ ಅಂತ ನಾನು ಕಾದೆ. ಬರಲಿಲ್ಲ.

ಅಷ್ಟರಲ್ಲಿ ಬದಿಯ ಅಂಗಡಿಯವರು ಕೂಗಿದರು: "ಅಮ್ಮ, ಬೊಂಡ ಕೊಡ್ಲಾ?"

"ಬ್ಯಾಡಪ್ಪ, ಎಣ್ಣೆ ತಿಂದ್ರೆ ಎದೆ ಉರಿತೈತೆ."

ಅಂಗಡಿಯವರು ಗಲಿಬಿಲಿಗೊಂಡು ನನ್ನ ಮುಖ ನೋಡಿದರು. ಕರಾವಳಿಯಲ್ಲಿ ಬೊಂಡ ಅಂದರೆ ಎಳನೀರು ಅಂತ ಬಿಡಿಸಿ ಹೇಳಿದ ಮೇಲೆ ಅವ್ವ ಎರಡು ಕುಡಿದಳು.

ಇಲ್ಲಿಯವರೆಗೆ ಎಲ್ಲ ಸಲೀಸು. ಇಷ್ಟು ಸುಲಭವಾಗಿ ತಲುಪುವ ಕಡಲತೀರ ನಾನಂತೂ ಬೇರೆ ನೋಡಿಲ್ಲ. ಟಿಕೆಟ್ ಇಲ್ಲ, ಗೇಟಿಲ್ಲ, ಪಾರ್ಕಿಂಗಿಗೆ ತಲೆಬಿಸಿಯಿಲ್ಲ. ಆದರೆ ನೋಡುವುದು ಬೇರೆ, ಮುಟ್ಟುವುದು ಬೇರೆ ಅಂತ ಗೊತ್ತಾದದ್ದು ರಸ್ತೆಯ ಅಂಚಿಗೆ ಬಂದಾಗ. ಮಳೆಗಾಲದ ಅಲೆಗಳು ನೆಲವನ್ನೇ ಕಚ್ಚಿ ತಿನ್ನುತ್ತವೆಂದು ಅಲ್ಲಿ ದಂಡೆಯುದ್ದಕ್ಕೂ ದೊಡ್ಡ ದೊಡ್ಡ ಕಲ್ಲು ಪೇರಿಸಿದ್ದಾರೆ. ಒಂದೊಂದೂ ರಾಗಿ ಬೀಸುವ ಕಲ್ಲಿನ ಹತ್ತರಷ್ಟು. ಹುಡುಗರು ಅವುಗಳ ಮೇಲೆ ಜಿಗಿಯುತ್ತ ಇಳಿದು ಸೆಲ್ಫಿ ತೆಗೆಯುತ್ತಿದ್ದರು. ನೀರು ಐವತ್ತು ಹೆಜ್ಜೆಯಲ್ಲಿದೆ, ಅವ್ವನ ಪಾಲಿಗೆ ಅದು ಐವತ್ತು ಮೈಲಿ.

ಕಾಸರಕೋಡು, ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲಾಗ್ ಬಂತು, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆಯ ಬಾವುಟ ಅದು. ಅಲ್ಲಿ ನಡೆಯಲಾಗದವರೂ ಹೋಗುವಂಥ ದಾರಿ ಇರಬೇಕೆಂಬುದು ಆ ಬಾವುಟದ ಷರತ್ತುಗಳಲ್ಲೇ ಒಂದು. ಮರವಂತೆಗೆ ಬಾವುಟ ಬೇಡ, ಕಲ್ಲುಗಳ ನಡುವೆ ಒಂದು ಇಳಿಜಾರು, ಹಿಡಿದುಕೊಳ್ಳಲು ಒಂದು ಕಂಬಿ ಇದ್ದರೆ ಸಾಕಿತ್ತು.

"ಕಂಡೆನಲ್ಲ, ಸಾಕು ನಡಿ," ಅಂದಳು ಅವ್ವ. ಅವಳ 'ಸಾಕು' ನನಗೆ ಗೊತ್ತು. ಹಬ್ಬದಲ್ಲಿ ಹೋಳಿಗೆ ಮುಂದಿಟ್ಟಾಗ ಅನ್ನುವ 'ಸಾಕು' ಅದು. ಆದರೂ ಕೈ ಹಿಡಿದು ಒಂದು ಕಲ್ಲಿನ ಮೇಲೆ ಕಾಲಿಡಿಸಲು ಹೋದೆ. ಹಿಂದಿನಿಂದ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸೊಬ್ಬರು ನಿಂತು ಗದರಿದರು: "ಅಲ್ಲ್ ಇಳೂದ್ ಬ್ಯಾಡ, ಕಲ್ಲ್ ಜಾರತ್ತ್. ದೋಣಿ ಇತ್ತಲ್ದಾ, ಅಲ್ಲಿಂದ ಹೋಯ್ನಿ."

ದೋಣಿ ಇದ್ದ ಕಡೆ, ಮೀನುಗಾರರು ಎಳೆದು ನಿಲ್ಲಿಸಲೆಂದು ಕಲ್ಲಿನ ಸಾಲಿನಲ್ಲಿ ಸಂದಿ ಬಿಟ್ಟಿದ್ದರು. ನೂರು ಹೆಜ್ಜೆ ನಡೆದರೆ ಸಿಕ್ಕಿತು. ದೋಣಿ ಎಳೆದೂ ಎಳೆದೂ ಗಟ್ಟಿಯಾದ ಮರಳು, ಕಾಲು ಹೂಳುತ್ತಿರಲಿಲ್ಲ. ಅವ್ವ ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದರಲ್ಲಿ ದೋಣಿಯ ಅಂಚು ಹಿಡಿದು ಇಳಿದಳು. ನೀರಿಗೆ ಇಳಿಯಬಾರದೆಂಬ ಫಲಕ ಅಲ್ಲಿತ್ತು. ಮರವಂತೆಯ ದಂಡೆ ಥಟ್ಟನೆ ಆಳವಾಗುತ್ತದೆ, ಸೆಳೆತವೂ ಜೋರು. ಪಾದ ನೆನೆಯುವಷ್ಟೇ ಎಂದು ಮಾತಾಡಿಕೊಂಡೆವು.

ಮೊದಲ ಅಲೆ ಬೆರಳ ತುದಿ ಮುಟ್ಟಿ ಹಿಂದೆ ಸರಿಯಿತು. ಎರಡನೆಯದು ಕಣಕಾಲಿಗೆ ಬಂತು. ವಾಪಸ್ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಸುರ್ರನೆ ಎಳೆದುಕೊಂಡು ಹೋಯಿತು. ಅವ್ವ ನನ್ನ ತೋಳನ್ನು ಉಗುರು ಊರುವಂತೆ ಹಿಡಿದಳು. "ಲೋ, ಭೂಮಿ ಜಾರ್ತಾ ಐತೆ ಕಣೋ!" ಹೆದರಿಕೆಯೋ ನಗುವೋ ತಿಳಿಯಲಿಲ್ಲ. ಆಮೇಲೆ ಬಗ್ಗಲಾರದೆ ನನಗೆ ಹೇಳಿ ಬೊಗಸೆಯಲ್ಲಿ ನೀರೆತ್ತಿಸಿ, ಒಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಮುಖ ಕಿವುಚಿತು.

"ಇಷ್ಟ್ ನೀರಿಟ್ಕಂಡು ಒಂದ್ ಚೊಂಬು ಕುಡಿಯಾಕಿಲ್ವಲ್ಲ."

ವಾಪಸ್ ಹೊರಟಾಗ ನಿಜವಾದ ಪರೀಕ್ಷೆ. ಕುಂದಾಪುರದ ಬಸ್ ನಿಲ್ಲುವುದು ನದಿಯ ಬದಿಗೆ, ಅಂದರೆ ಚತುಷ್ಪಥ ದಾಟಬೇಕು. ಲಾರಿಗಳು ಕಡಲು ನೋಡುತ್ತ ನಿಧಾನಿಸುವುದಿಲ್ಲ, ಕಾರಿನವರು ಕಡಲು ನೋಡುತ್ತ ರಸ್ತೆ ನೋಡುವುದಿಲ್ಲ. ಡಿವೈಡರ್ ಹತ್ತಲು ಅವ್ವನಿಗೆ ಕಾಲು ನಿಮಿಷ ಹಿಡಿಯಿತು. ಆ ಕಾಲು ನಿಮಿಷ ಎರಡೂ ಕೈ ಚಾಚಿ ಪೊಲೀಸನಂತೆ ನಿಂತಿದ್ದೆ.

ಈಚೆ ದಡದಲ್ಲಿ ಬೇರೆಯದೇ ಲೋಕ. ಅಲೆ ಇಲ್ಲ, ಸದ್ದಿಲ್ಲ, ತೆಂಗಿನ ನೆರಳು ನೀರಿನ ಮೇಲೆ ಅಲುಗದೆ ಮಲಗಿದೆ. ದೂರದಲ್ಲಿ 1343 ಮೀಟರಿನ ಕೊಡಚಾದ್ರಿ ಮಸುಕಾಗಿ ಕಾಣುತ್ತಿತ್ತು. "ಇದ್ಯಾವ ಹೊಳೆ?" ಅಂದಳು.

"ಬೆಳಿಗ್ಗೆ ಕಾಲು ತೊಳ್ಕಂಡ್ಯಲ್ಲ, ಅದೇ ಸೌಪರ್ಣಿಕೆ."

ಅವಳಿಗೆ ನಂಬಿಕೆ ಬರಲಿಲ್ಲ. ಇಷ್ಟು ಹತ್ತಿರ ಬಂದರೂ ನದಿ ಇಲ್ಲಿ ಸಮುದ್ರ ಸೇರುವುದಿಲ್ಲ, ತಿರುಗಿಕೊಂಡು ತೆಂಕಲಿಗೆ ಹರಿದು ಗಂಗೊಳ್ಳಿಯಲ್ಲಿ ಬೇರೆ ಹೊಳೆಗಳ ಜೊತೆ ಪಂಚಗಂಗಾವಳಿಯಾಗಿ ಕಡಲಿಗೆ ಬೀಳುತ್ತದೆ ಅಂತ ವಿವರಿಸಿದೆ. ಇಲ್ಲೇ ಮಹಾರಾಜಸ್ವಾಮಿ ವರಾಹ ದೇವಸ್ಥಾನವಿದೆ, ಕರ್ಕಾಟಕ ಅಮಾವಾಸ್ಯೆಯ ಜಾತ್ರೆಗೆ ಬಂದವರು ಕಡಲಲ್ಲೂ ಮೀಯುತ್ತಾರೆ, ಹೊಳೆಯಲ್ಲೂ ಮೀಯುತ್ತಾರೆ ಅಂದೆ. ಅವ್ವ ಅದಕ್ಕೆಲ್ಲ ಹೂಂಗುಟ್ಟಲಿಲ್ಲ. ರಸ್ತೆಯಾಚೆ ಒಮ್ಮೆ, ಹೊಳೆಯ ಕಡೆ ಒಮ್ಮೆ ನೋಡಿದಳು.

"ಇದು ನೋಡು, ನಮ್ ಸೂಳೆಕೆರೆ ಇದ್ದಂಗೈತೆ," ಅಂದಳು ಹೊಳೆ ತೋರಿಸಿ. ರಸ್ತೆಯಾಚೆಯದಕ್ಕೆ ಅವಳ ಹತ್ತಿರ ಅಳತೆ ಇರಲಿಲ್ಲ.

ಬಸ್ ಬಂತು. ಕೂತ ಮೇಲೆ ಸೀರೆಯಂಚು ಕೊಡವಿದಳು; ಒದ್ದೆ ಆರಿದಲ್ಲಿ ಉಪ್ಪಿನ ಬಿಳಿ ಗೆರೆ ಎದ್ದಿತ್ತು, ಮರಳು ಬಸ್ಸಿನ ನೆಲಕ್ಕೆ ಉದುರಿತು. ಬಲಗಡೆ ಕಿಟಕಿಯಲ್ಲಿ ಲಾರಿಗಳ ಸಂದಿಯಿಂದ ಕಡಲು ಕಾಣುತ್ತಿರುವಷ್ಟು ಹೊತ್ತೂ ಆಚೆ ತಿರುಗಿಯೇ ಕೂತಿದ್ದಳು.