ರೂಟ್ ಕೆನಾಲ್ ನಡುವೆ ಜೊಂಪು ಹತ್ತಿತು

ಹೋದ ತಿಂಗಳು ರೂಟ್ ಕೆನಾಲ್ ಮಾಡಿಸಿಕೊಂಡೆ. ಕೆಳಗಿನ ಬಲಗಡೆ ದವಡೆ ಹಲ್ಲು. ಮಧ್ಯದಲ್ಲಿ ಎಲ್ಲೋ ನನಗೆ ಜೊಂಪು ಹತ್ತಿಬಿಟ್ಟಿತು. ಇದನ್ನು ಹೇಳಿದರೆ ನನ್ನ ವಯಸ್ಸಿನವರು ಯಾರೂ ನಂಬುತ್ತಿಲ್ಲ. ಅಕ್ಕನಂತೂ "ಸುಮ್ನಿರೇ, ಬುರುಡೆ ಬಿಡಬೇಡ" ಅಂದಳು. ಅವಳು ಹಾಗನ್ನುವುದಕ್ಕೂ ಕಾರಣ ಇದೆ. 1980ರ ದಶಕದಲ್ಲಿ ನನ್ನ ಹಲ್ಲು ಕೀಳಿಸಿದ ದಿನ ಹೊರಗೆ ಬೆಂಚಿನ ಮೇಲೆ ಕೂತು ನನ್ನ ಕಿರುಚಾಟ ಕೇಳಿಸಿಕೊಂಡವಳು ಅವಳೇ. ಮುಂದಿನ ಸರದಿ ಅವಳದ್ದಿತ್ತು. ಎದ್ದು ಬಸ್‌ಸ್ಟ್ಯಾಂಡ್ ಕಡೆ ಓಡಿಹೋಗಿದ್ದಳು.

ನಮ್ಮದು ಕಡೂರು ತಾಲ್ಲೂಕಿನ ಹಳ್ಳಿ. ಹಲ್ಲು ನೋವು ಅಂದ ತಕ್ಷಣ ಡಾಕ್ಟರ ಹತ್ತಿರ ಹೋಗುವುದು ನಮ್ಮಲ್ಲಿ ಇರಲೇ ಇಲ್ಲ. ಮೊದಲು ಉಪ್ಪು ನೀರು ಮುಕ್ಕಳಿಸಬೇಕು. ಆಮೇಲೆ ಸೀಬೆ ಎಲೆ ಅಗಿಯಬೇಕು. ಅದಕ್ಕೂ ಬಗ್ಗದಿದ್ದರೆ ಅಮ್ಮ ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಹುಳುಕಿನೊಳಗೆ ಇಡುತ್ತಿದ್ದಳು. ಪಕ್ಕದ ಊರಲ್ಲಿ ಒಬ್ಬರು ಅಜ್ಜಿ ಹೊಗೆ ಹಾಕುತ್ತಿದ್ದರು. ಕೆಂಡದ ಮೇಲೆ ಗುಳ್ಳದ ಬೀಜ ಉದುರಿಸಿ, ಮೇಲೆ ತೂತಿನ ಕುಡಿಕೆ ಕವುಚಿ, ತೂತಿಗೆ ಪರಂಗಿ ಎಲೆಯ ದಂಟು ಸಿಕ್ಕಿಸಿ, ಆ ದಂಟಿನಿಂದ ಬರುವ ಹೊಗೆಯನ್ನು ನೋವಿರುವ ಹಲ್ಲಿಗೆ ಹಿಡಿಯಬೇಕು. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ಕೊನೆಗೆ ತಟ್ಟೆಯ ನೀರಲ್ಲಿ ತೇಲುವ ಬಿಳಿ ಎಳೆಯೊಂದನ್ನು ತೋರಿಸಿ "ನೋಡು, ಹುಳ ಬಿತ್ತು" ಅನ್ನುತ್ತಿದ್ದರು. ಹಲ್ಲಿನಲ್ಲಿ ಹುಳ ಎಲ್ಲಿಂದ ಬರಬೇಕು? ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಅದು ಹಲ್ಲನ್ನು ಕರಗಿಸುತ್ತದೆ, ಅಷ್ಟೇ.

ಆದರೆ ಲವಂಗದ ವಿಷಯದಲ್ಲಿ ಅಮ್ಮ ಸರಿಯಾಗಿಯೇ ಇದ್ದಳು. ಅದರಲ್ಲಿರುವ ಯೂಜಿನಾಲ್ ನಿಜಕ್ಕೂ ನೋವು ಕಡಿಮೆ ಮಾಡುತ್ತದೆ. ಅದನ್ನೇ ಜಿಂಕ್ ಆಕ್ಸೈಡ್ ಪುಡಿ ಜೊತೆ ಕಲಸಿ ಡಾಕ್ಟರುಗಳೂ ತಾತ್ಕಾಲಿಕ ಫಿಲ್ಲಿಂಗ್ ಮಾಡುತ್ತಾರೆ. ಹಳೇ ಕ್ಲಿನಿಕ್ಕುಗಳ ಬಾಗಿಲಲ್ಲೇ ಮೂಗಿಗೆ ಬಡಿಯುತ್ತಿದ್ದ ವಾಸನೆ ಇದೇ.

ಇದೆಲ್ಲ ಮುಗಿದು, ಕೆನ್ನೆ ಊದಿಕೊಂಡು ಒಂದು ಕಣ್ಣು ಅರ್ಧ ಮುಚ್ಚಿದ ಮೇಲೆ ಅಪ್ಪ ನನ್ನನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋದರು. ಹೇಗೂ ಹೋಗ್ತಿದ್ದೀವಿ, ಇವಳದ್ದೂ ಒಂದು ಹುಳುಕು ಹಲ್ಲಿದೆ ಅಂತ ಅಕ್ಕನನ್ನೂ ಜೊತೆಗೆ. ಕೋಣೆಯ ಮೂಲೆಯಲ್ಲಿ ಒಂದು ಸ್ಟೀಲಿನ ಡಬ್ಬಿ ಕುದಿಯುತ್ತಿತ್ತು. ಅದರೊಳಗೆ ಗಾಜಿನ ಸಿರಿಂಜು ಕಟಕಟ ಅನ್ನುತ್ತಿತ್ತು. ಅದೇ ಸೂಜಿ ಎಲ್ಲರಿಗೂ, ಕುದಿಸಿ ಕುದಿಸಿ. ಎಷ್ಟು ಬಾಯಿ ಕಂಡು ಮೊಂಡಾಗಿತ್ತೋ. ಡಾಕ್ಟರು "ಬಾಯಿ ತೆಗಿ ಮರಿ" ಅಂದರು. ಅವರು ನನ್ನ ಜೊತೆ ಆಡಿದ ಮಾತು ಅದೊಂದೇ. ಕಾಂಪೌಂಡರ್ ಕೈ ಹಿಡಿದ, ಅಪ್ಪ ಹಣೆ ಒತ್ತಿ ಹಿಡಿದರು. ಸೂಜಿ ಒಳಗೆ ಹೋಯಿತು, ಹೊರಗೆ ಬಂತು, ಅದರ ಹಿಂದೆಯೇ ಇಕ್ಕಳ ಬಂತು. ಹಲ್ಲು ಅಲುಗಾಡಿಸುವ ಸದ್ದು ಹೊರಗಿನಿಂದ ಕೇಳುವುದಿಲ್ಲ. ಅದು ತಲೆಬುರುಡೆಯ ಒಳಗೇ ಕರಕರ ಅನ್ನುತ್ತದೆ.

ವಿಚಿತ್ರ ಅಂದರೆ ನನ್ನ ತುಟಿ ಮರಗಟ್ಟಿದ್ದು ವಾಪಸ್ ಬರುವ ಬಸ್ಸಿನಲ್ಲಿ. ಅಪ್ಪ ಕೊಡಿಸಿದ ಕಪ್ ಐಸ್‌ಕ್ರೀಮ್ ಅರ್ಧ ಬಾಯಿಗೆ, ಅರ್ಧ ಫ್ರಾಕಿನ ಮೇಲೆ. ಹಲ್ಲು ಕಿತ್ತು ಎಷ್ಟೋ ಹೊತ್ತಾದ ಮೇಲೆ! ಇದು ಯಾಕೆ ಹೀಗೆ ಅಂತ ನಾನು ಯಾರನ್ನೂ ಕೇಳಿರಲಿಲ್ಲ. ನೋವು ಅಂದರೆ ಹಲ್ಲಿನ ಡಾಕ್ಟರು ಕೊಡುವ ಸಾಮಾನಿನಲ್ಲೇ ಸೇರಿದ್ದು ಅಂತ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು.

ಪಿಯುಸಿ ಓದುವಾಗ ಇನ್ನೊಂದು ಹಲ್ಲಿಗೆ ಫಿಲ್ಲಿಂಗ್. ಅದು ಬೇರೆ ಊರು, ಬೇರೆ ಡಾಕ್ಟರು. ಫಿಲ್ಲಿಂಗಿಗೆಲ್ಲ ಇಂಜೆಕ್ಷನ್ ಯಾಕೆ ಅಂತ ಕೊಡಲೇ ಇಲ್ಲ. ಅವರ ಡ್ರಿಲ್ ರಾಟೆಯ ಮೇಲೆ ಹುರಿ ಓಡಿ ತಿರುಗುವಂಥದ್ದು. ತಿರುಗುವ ವೇಗ ಕಡಿಮೆ, ಆದ್ದರಿಂದ ನಡುಕ ಜಾಸ್ತಿ. ಮೇಲೆ ನೀರು ಚಿಮುಕಿಸುವ ವ್ಯವಸ್ಥೆಯೂ ಇಲ್ಲ. ಹಲ್ಲು ಬಿಸಿಯಾಗಿ ಕೂದಲು ಸುಟ್ಟ ವಾಸನೆ ನನ್ನ ಬಾಯಿಂದಲೇ ಬರುತ್ತಿತ್ತು. ಅಮೆರಿಕದಲ್ಲಿ 1957ರಲ್ಲೇ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಮೂರು ಲಕ್ಷ ಸುತ್ತು ತಿರುಗುವ ಏರೋಟರ್ ಮಾರಾಟಕ್ಕೆ ಬಂದಿತ್ತು. ಅದು ಎಲ್ಲ ಊರಿಗೂ ಬಂದು ಮುಟ್ಟುವಷ್ಟರಲ್ಲಿ ನಮ್ಮಂಥವರ ಹಲ್ಲು ಹೋಗಿತ್ತು, ಧೈರ್ಯವೂ ಹೋಗಿತ್ತು.

ಹಾಗಾಗಿ ಈ ಸಲ ಹಲ್ಲು ಕುಟ್ಟತೊಡಗಿದಾಗ ನಾನು ಕಲ್ಲು ಮನಸ್ಸು ಮಾಡಿಕೊಂಡೇ ಹೋದೆ. ಬೆಂಗಳೂರಿನಲ್ಲಿ ನಮ್ಮ ಮನೆಯ ಎರಡು ರಸ್ತೆ ಆಚೆ ಒಂದು ಚಿಕ್ಕ ಕ್ಲಿನಿಕ್. ಡಾಕ್ಟರ್ ನನ್ನ ಮಗಳ ವಯಸ್ಸಿನ ಹುಡುಗಿ. ಬಾಯೊಳಗೆ ಒಂದು ಚಪ್ಪಟೆ ಸೆನ್ಸರ್ ಇಟ್ಟರು, ಕ್ಷಣದಲ್ಲಿ ಎಕ್ಸ್‌ರೇ ಎದುರಿನ ಪರದೆಯ ಮೇಲೆ. "ಇಲ್ಲಿ ಕಪ್ಪಗೆ ಕಾಣ್ತಿದೆ ನೋಡಿ ಆಂಟಿ, ಹುಳುಕು ನರದವರೆಗೂ ಹೋಗಿದೆ" ಅಂತ ತೋರಿಸಿದರು. ನನ್ನದೇ ಹಲ್ಲಿನ ಬೇರನ್ನು ನಾನು ನೋಡಿದ್ದು ಅದೇ ಮೊದಲು.

ಒಸಡಿಗೆ ಮೊದಲು ಒಂದು ಜೆಲ್ ಹಚ್ಚಿದರು. ಅದು ಮರಗಟ್ಟಿದ ಮೇಲೆ ಇಂಜೆಕ್ಷನ್. ಸೂಜಿ ತೆಳ್ಳಗಿತ್ತು, ಒಂದೇ ಸಲ ಬಳಸಿ ಎಸೆಯುವಂಥದ್ದು. ಆದರೆ ನಾನು ಗಮನಿಸಿದ್ದು ಸೂಜಿಯನ್ನಲ್ಲ, ಅವರ ಹೆಬ್ಬೆರಳನ್ನು. ಎಷ್ಟು ನಿಧಾನ ಒತ್ತುತ್ತಿದ್ದರು ಅಂದರೆ ಔಷಧಿ ಒಳಗೆ ಹೋಗುತ್ತಿದೆಯೋ ಇಲ್ಲವೋ ಅನ್ನಿಸುವಷ್ಟು. ಆಮೇಲೆ ಸುಮ್ನೆ ಕಾದರು. ನನ್ನ ಮೊಮ್ಮಗನ ವಿಷಯ ಕೇಳಿದರು. "ತುಟಿ ದಪ್ಪ ಆದ ಹಾಗೆ ಅನ್ನಿಸ್ತಿದೆಯಾ?" ಅಂದರು. ಇನ್ನೂ ಇಲ್ಲ ಅಂದೆ. ಮತ್ತೆ ಕಾದರು. ತುಟಿ ಪೂರ್ತಿ ಸತ್ತ ಮೇಲೆ, ತಣ್ಣಗಿನ ಹತ್ತಿ ಮುಟ್ಟಿಸಿ ಹಲ್ಲಿಗೆ ಏನೂ ತಿಳಿಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ, "ನೋವಾದ್ರೆ ಎಡಗೈ ಎತ್ತಿ, ಅಲ್ಲಿಗೇ ನಿಲ್ಲಿಸ್ತೀನಿ" ಅಂದರು.

ನಾನು ಬೇಕಂತಲೇ ಒಂದು ಸಲ ಕೈ ಎತ್ತಿದೆ, ನೋವಿರಲಿಲ್ಲ. ನಿಜವಾಗಲೂ ನಿಲ್ಲಿಸಿದರು!

ಆಮೇಲೆ ಹಲ್ಲೊಂದನ್ನೇ ಹೊರಗೆ ಬಿಟ್ಟು ಉಳಿದ ಬಾಯಿ ಮುಚ್ಚುವ ಹಾಗೆ ನೀಲಿ ರಬ್ಬರ್ ಹಾಳೆ ಕಟ್ಟಿದರು. ಔಷಧಿಯಾಗಲಿ, ಸಣ್ಣ ಸಲಕರಣೆಯಾಗಲಿ ಗಂಟಲಿಗೆ ಜಾರುವ ಭಯ ಇಲ್ಲ, ಎಂಜಲು ಹಲ್ಲೊಳಗೆ ಹೋಗುವುದಿಲ್ಲ. ಒಂದು ಯಂತ್ರ ಬೀಪ್ ಬೀಪ್ ಅನ್ನುತ್ತಾ ಬೇರಿನ ತುದಿ ಎಲ್ಲಿದೆ ಅಂತ ಹೇಳುತ್ತಿತ್ತು. ಬೇರಿನ ಒಳಗೆ ತೊಳೆಯುವ ದ್ರಾವಣದಿಂದ ಬ್ಲೀಚಿಂಗ್ ಪೌಡರ್ ವಾಸನೆ ಬಂತು. ಸೋಡಿಯಂ ಹೈಪೋಕ್ಲೋರೈಟ್ ಅಂತೆ, ಸುಮಾರಾಗಿ ಅದೇ ಜಾತಿ. ಇನ್ನು ಗಟ್ಟಾ ಪರ್ಚಾ ಅನ್ನುವ ಮಲಯ ಕಡೆಯ ಮರದ ಹಾಲಿನಿಂದ ಮಾಡಿದ ಕಡ್ಡಿ ತುಂಬಿಸುವ ಹೊತ್ತಿಗೆ ನಾನು ಅರ್ಧ ನಿದ್ದೆಯಲ್ಲಿದ್ದೆ. ಪೂರಾ ಸುಖ ಅಂತೇನಲ್ಲ. ಬಾಯಿ ತೆರೆದೂ ತೆರೆದೂ ದವಡೆ ಕೀಲು ಸೋತಿತ್ತು, ಮರುದಿನ ಕಚ್ಚಿದರೆ ನೋಯುತ್ತಿತ್ತು, ಮಾತ್ರೆ ನುಂಗಬೇಕಾಯಿತು.

ಎಲ್ಲ ಮುಗಿದ ಮೇಲೆ ಬಸ್ಸಿನಲ್ಲಿ ತುಟಿ ಮರಗಟ್ಟಿದ ಕತೆ ಹೇಳಿದೆ. ಅವರು ನಕ್ಕು, "ಆ ಡಾಕ್ಟರನ್ನ ಬೈಬೇಡಿ ಆಂಟಿ. ಕೀವು ತುಂಬಿದ ಜಾಗದಲ್ಲಿ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ. ಅಲ್ಲಿ ಆಮ್ಲ ಜಾಸ್ತಿ ಇರುತ್ತೆ, ಔಷಧಿ ನರದ ಒಳಗೆ ಇಳಿಯೋದೇ ಕಷ್ಟ" ಅಂದರು. ಅರ್ಧ ಒಪ್ಪುತ್ತೇನೆ. ಕೆನ್ನೆ ಊದುವವರೆಗೂ ಮನೆಯಲ್ಲೇ ಕೂತಿದ್ದವರು ನಾವು. ನೋವಾಗುತ್ತೆ ಅಂತ ತಡ ಮಾಡುತ್ತಿದ್ದೆವು, ತಡ ಮಾಡಿದ್ದಕ್ಕೇ ಇನ್ನಷ್ಟು ನೋವಾಗುತ್ತಿತ್ತು. ಆದರೆ ಇನ್ನರ್ಧ ಒಪ್ಪಲಾರೆ. ಮರಗಟ್ಟಿಸುವುದಕ್ಕೆ ಈಗ ಬಳಸುವ ಲಿಗ್ನೋಕೇನ್ ಔಷಧಿ ಹೊಸದೇನಲ್ಲ. ಸ್ವೀಡನ್ನಿನ ನೀಲ್ಸ್ ಲಾಫ್‌ಗ್ರೆನ್ 1943ರಲ್ಲೇ ಅದನ್ನು ತಯಾರಿಸಿದ್ದರು. ಸೆನ್ಸರ್, ಬೀಪ್ ಯಂತ್ರ ಇವೆಲ್ಲ ಆಗ ಇರಲಿಲ್ಲ, ಸರಿ. ಹತ್ತು ನಿಮಿಷ ಕಾಯುವುದಕ್ಕೆ ಯಾವ ಯಂತ್ರ ಬೇಕಿತ್ತು? ನೋವಾಗ್ತಿದೆಯಾ ಅಂತ ಒಂದು ಮಾತು ಕೇಳುವುದಕ್ಕೆ?

ದುಡ್ಡಿನ ವಿಷಯ ಹೇಳದಿದ್ದರೆ ಮೋಸ ಆಗುತ್ತದೆ. ರೂಟ್ ಕೆನಾಲಿಗೆ ಆರು ಸಾವಿರ, ಮೇಲೆ ಜಿರ್ಕೋನಿಯಾ ಕ್ಯಾಪಿಗೆ ಹತ್ತು ಸಾವಿರ. ಇದಕ್ಕೂ ಮೊದಲು ಹೊಳೆಯುವ ದೊಡ್ಡ ಕ್ಲಿನಿಕ್ ಒಂದಕ್ಕೆ ಹೋಗಿದ್ದೆ. ಒಂದು ಹಲ್ಲು ತೋರಿಸಿದರೆ ಅವರು ನಾಲ್ಕು ಕ್ಯಾಪ್ ಬೇಕು ಅಂದರು, ಕಂತಿನಲ್ಲೂ ಕಟ್ಟಬಹುದು ಅಂದರು. ಇಲ್ಲಿ ಒಂದೇ ಸಾಕು ಅಂದಿದ್ದಾರೆ. ದೊಡ್ಡ ಕೆಲಸ ಹೇಳಿದರೆ ಇನ್ನೊಬ್ಬರ ಹತ್ತಿರ ತೋರಿಸುವುದು ವಾಸಿ. ಇಷ್ಟು ದುಡ್ಡು ಆಗದವರಿಗೆ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ, 1958ರಿಂದ ಇರುವುದು. ಖಾಸಗಿ ದಂತ ಕಾಲೇಜುಗಳಲ್ಲೂ ಹೊರಗಿನ ಅರ್ಧಕ್ಕಿಂತ ಕಡಿಮೆಗೆ ಆಗುವುದುಂಟು. ವಿದ್ಯಾರ್ಥಿಗಳು ಮಾಡುತ್ತಾರೆ, ಮೇಷ್ಟ್ರು ಪಕ್ಕದಲ್ಲಿ ನಿಂತು ನೋಡುತ್ತಾರೆ, ಬೆಳಗ್ಗೆ ಹೋದರೆ ಮಧ್ಯಾಹ್ನ ಆಗುತ್ತದೆ. ನಮ್ಮಜ್ಜಿಗೆ ಐವತ್ತು ದಾಟುವ ಹೊತ್ತಿಗೆ ಹಲ್ಲೇ ಇರಲಿಲ್ಲ. ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ಕಾಲ ಹಾಕಿದಳು. ವಯಸ್ಸಾದರೆ ಹಾಗೇ ಅಂದುಕೊಂಡಿದ್ದಳು. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತ ಭಾಗ್ಯ ಯೋಜನೆ ಬಂದದ್ದು ಅವಳು ಹೋಗಿ ಎಷ್ಟೋ ವರ್ಷಗಳ ಮೇಲೆ.

ಈಗ ತಮ್ಮನ ಸರದಿ. ಮೇಲಿನ ದವಡೆ ಹಲ್ಲು ಹುಳುಕಾಗಿ ದೀಪಾವಳಿಯಿಂದ ಮಾತ್ರೆ ನುಂಗುತ್ತಾ ಕೂತಿದ್ದಾನೆ. ಮೇಲಿನ ಹಲ್ಲಿಗೆ ಕೈ ಹಾಕಿದರೆ ಕಣ್ಣು ಮಂಜಾಗುತ್ತಂತೆ, ಯಾರೋ ಹೇಳಿದರಂತೆ. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ ಕಣೋ ಅಂತ ಹೇಳಿ ಹೇಳಿ ಸಾಕಾಗಿದೆ. ಕೊನೆಗೆ ಕ್ಲಿನಿಕ್ಕಿನ ನಂಬರ್ ವಾಟ್ಸಾಪ್ ಮಾಡಿದೆ, ಜೊತೆಗೆ ಕೈ ಎತ್ತಿದರೆ ನಿಲ್ಲಿಸುತ್ತಾರೆ ಅಂತಲೂ ಬರೆದೆ. "ಎಡಗೈನಾ ಬಲಗೈನಾ?" ಅಂತ ಉತ್ತರ ಬಂದಿದೆ. ಹೋಗುವ ಲಕ್ಷಣ ಕಾಣುತ್ತಿದೆ.