ಬಿಡುವುದು ಹದಿನಾರನೆಯ ಹಂತ

ಮನಸ್ಸಿನ ನೋವನ್ನು ಹೇಳಿಕೊಂಡಾಗ ನಮ್ಮ ಧಾರವಾಡದ ಕಡೆಯ ಹಿರಿಯರು ತಪ್ಪದೆ ಹೇಳುವ ಮಾತೊಂದಿದೆ: “ತಲಿಗೆ ಹಚ್ಕೋಬ್ಯಾಡ, ಬಿಟ್ಟಬಿಡು.” ಆ ಮಾತಿನಲ್ಲಿ ಅಂತಃಕರಣವಿದೆ, ಆದರೆ ಬಿಡುವುದು ಹೇಗೆ ಎಂಬುದಿಲ್ಲ. ಬಿಡಲೇಬೇಕೆಂದು ಹಟ ಹಿಡಿದಷ್ಟೂ ಬೇಡವಾದ ಸಂಗತಿ ಮತ್ತೆ ಮತ್ತೆ ನೆನಪಾಗಿ ಕಾಡುವುದು ಎಲ್ಲರ ಅನುಭವ. ಬೌದ್ಧ ಧ್ಯಾನಮಾರ್ಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ‘ಹೇಗೆ’ ಎಂಬ ಪ್ರಶ್ನೆಯನ್ನು ಅದು ಅಷ್ಟೊಂದು ತಾಳ್ಮೆಯಿಂದ ಕೈಗೆತ್ತಿಕೊಳ್ಳುವುದರಿಂದ.

ಪಾಲಿ ಭಾಷೆಯಲ್ಲಿರುವ ಬುದ್ಧೋಪದೇಶಗಳ ಸಂಗ್ರಹಗಳಲ್ಲಿ ಒಂದಾದ ಮಜ್ಝಿಮ ನಿಕಾಯದ 118ನೆಯ ಸುತ್ತವಾದ (ಉಪದೇಶವಾದ) ಆನಾಪಾನಸತಿ ಸುತ್ತದಲ್ಲಿ ಬುದ್ಧನು ಉಸಿರನ್ನು ಗಮನಿಸುವ 16 ಹಂತಗಳನ್ನು ಹೇಳುತ್ತಾನೆ. ದೀರ್ಘವಾದ ಉಸಿರನ್ನು ದೀರ್ಘವೆಂದು, ಗಿಡ್ಡದಾದುದನ್ನು ಗಿಡ್ಡವೆಂದು ತಿಳಿಯುವುದರಿಂದ ಆರಂಭವಾಗುವ ಈ ಸಾಧನೆ ದೇಹ, ವೇದನೆ (ಹಿತ-ಅಹಿತಗಳ ಅನುಭವ) ಮತ್ತು ಚಿತ್ತಗಳನ್ನು ಹಾದು ಕೊನೆಯ ನಾಲ್ಕು ಹಂತಗಳಿಗೆ ಬರುತ್ತದೆ: ಅನಿತ್ಯವನ್ನು ಕಾಣುವುದು, ವಿರಾಗವನ್ನು (ಅಂಟು ಕಳಚುವುದನ್ನು) ಕಾಣುವುದು, ನಿರೋಧವನ್ನು (ಅಳಿದು ನಿಲ್ಲುವುದನ್ನು) ಕಾಣುವುದು, ಆಮೇಲೆ ‘ಪಟಿನಿಸ್ಸಗ್ಗ’, ಅಂದರೆ ಹಿಡಿದದ್ದನ್ನು ಮರಳಿ ಬಿಟ್ಟುಕೊಡುವುದು. ಬಿಡುವುದು ಇಲ್ಲಿ ಹದಿನಾರನೆಯದು ಎಂಬುದನ್ನು ಗಮನಿಸಬೇಕು. ಅದಕ್ಕಿಂತ ಮುಂಚಿನ ಹದಿನೈದೂ ಹಂತಗಳಲ್ಲಿ ಮಾಡುವ ಕೆಲಸವೆಂದರೆ ಉಸಿರಿನ ಜೊತೆಗಿದ್ದು ಅರಿಯುವುದು, ಶಾಂತಗೊಳಿಸುವುದು, ಇರುವುದನ್ನು ಇರುವಂತೆ ನೋಡುವುದು. ನಾವಾದರೋ ಕುಳಿತ ಮೊದಲ ದಿನವೇ ಕೊನೆಯದಕ್ಕೆ ಕೈಚಾಚುತ್ತೇವೆ.

ನಮ್ಮ ಭಾಗದಿಂದ ಧ್ಯಾನಕ್ಕೆಂದು ಹೋಗುವವರಲ್ಲಿ ಅನೇಕರು ಹಿಡಿಯುವುದು ಧ್ಯಾನಗುರು ಎಸ್. ಎನ್. ಗೋಯೆಂಕಾ ಅವರ ವಿಪಶ್ಯನಾ (ಇರುವುದನ್ನು ಇರುವಂತೆ ನೋಡುವ ಧ್ಯಾನ) ಶಿಬಿರಗಳ ದಾರಿಯನ್ನು. 1924ರಲ್ಲಿ ಬರ್ಮಾದಲ್ಲಿ ಹುಟ್ಟಿ, ಅಲ್ಲಿಯ ಸಯಾಜಿ ಊ ಬಾ ಖಿನ್ ಅವರಲ್ಲಿ ಕಲಿತ ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದರು. ಹತ್ತು ದಿನಗಳ ಆ ಶಿಬಿರದಲ್ಲಿ ಮೊದಲ ಮೂರು ದಿನ ಮೂಗಿನ ಹೊಳ್ಳೆಗಳ ಹತ್ತಿರ ಬಂದು ಹೋಗುವ ಉಸಿರನ್ನಷ್ಟೇ ನೋಡಬೇಕು. ನಾಲ್ಕನೆಯ ದಿನ ಗಮನವನ್ನು ತಲೆಯಿಂದ ಪಾದದವರೆಗೆ ಹರಿಸಿ, ಅಲ್ಲಲ್ಲಿ ಏಳುವ ಸಂವೇದನೆಗಳಿಗೆ ಪ್ರತಿಕ್ರಿಯಿಸದೆ ಅವನ್ನು ಅರಿಯುವುದನ್ನು ಕಲಿಸುತ್ತಾರೆ.

ಇದರ ಒಳಮರ್ಮ ನನಗೆ ತಿಳಿದದ್ದು ಮೊಣಕಾಲು ನೋವಿನಲ್ಲಿ. ಅಲುಗಾಡದೆ ಕುಳಿತಾಗ ನೋವು ಒಂದೇ ಗಟ್ಟಿಯಾದ ವಸ್ತುವಿನಂತೆ ಬಂದು ಕೂರುತ್ತದೆ. ಅದರ ನಡುವಿಗೇ ಗಮನವನ್ನು ಇಟ್ಟು ನೋಡಿದರೆ, ಅಲ್ಲಿ ಬಿಸಿ ಇದೆ, ಮಿಡಿತವಿದೆ, ಜುಮುಗುಡುವಿಕೆ ಇದೆ, ನಡುನಡುವೆ ಏನೂ ಇಲ್ಲದ ಕ್ಷಣಗಳೂ ಇವೆ. ಇವುಗಳ ಪಕ್ಕದಲ್ಲೇ ‘ಇದು ಯಾವಾಗ ಮುಗಿಯುತ್ತದೆಯೋ’ ಎಂಬ ದನಿಯೂ ಇದೆ. ಆ ದನಿ ಮೊಣಕಾಲಿನಲ್ಲಿ ಇಲ್ಲ. ಎರಡೂ ಬೇರೆ ಬೇರೆ ಎಂದು ಕಂಡ ಕ್ಷಣದಲ್ಲಿ, ನೋವು ಹಾಗೆಯೇ ಇದ್ದರೂ, ಹಲ್ಲು ಕಚ್ಚಿಕೊಂಡಿದ್ದ ದವಡೆ ತಾನಾಗಿಯೇ ಸಡಿಲುತ್ತದೆ. ಅದನ್ನು ಸಡಿಲಿಸಿದವರು ಯಾರೂ ಇಲ್ಲ. ಬಿಡುವುದು ಅಂದರೆ ಇಷ್ಟು, ಹೀಗೆ.

ಮೌನದ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಶಿಬಿರದಲ್ಲಿ ಮಾತು, ಸನ್ನೆ, ಫೋನು ಯಾವುದೂ ಇರದ ನಿಯಮಕ್ಕೆ ಆರ್ಯಮೌನ ಎನ್ನುತ್ತಾರೆ. ಆದರೆ ಸಂಯುತ್ತ ನಿಕಾಯವೆಂಬ ಇನ್ನೊಂದು ಪಾಲಿ ಸಂಗ್ರಹದಲ್ಲಿ ಬುದ್ಧನ ಹಿರಿಯ ಶಿಷ್ಯನಾದ ಮೊಗ್ಗಲ್ಲಾನನು, ಆರ್ಯಮೌನವೆಂದರೆ ನಿಜಕ್ಕೂ ಯಾವುದು ಎಂದು ಏಕಾಂತದಲ್ಲಿ ಕೇಳಿಕೊಂಡ ಪ್ರಸಂಗ ಬರುತ್ತದೆ. ಅವನಿಗೆ ದೊರೆತ ಉತ್ತರವೆಂದರೆ, ವಿತರ್ಕ ಮತ್ತು ವಿಚಾರಗಳು, ಅಂದರೆ ಮನಸ್ಸು ವಿಷಯವನ್ನು ಎತ್ತಿಕೊಳ್ಳುವುದು ಮತ್ತು ಅದರ ಸುತ್ತ ಸುಳಿಯುವುದು, ಶಾಂತವಾದ ಎರಡನೆಯ ಧ್ಯಾನಸ್ಥಿತಿಯೇ ಆರ್ಯಮೌನ. ಅಂದಮೇಲೆ ಬಾಯಿ ಮುಚ್ಚುವುದು ಬರೀ ಬಾಗಿಲು. ನಿಲ್ಲಬೇಕಾದದ್ದು ಒಳಗೆ ಬಿಡುವಿಲ್ಲದೆ ನಡೆಯುವ ವಾದ, ಲೆಕ್ಕ, ಉತ್ತರ-ಪ್ರತ್ಯುತ್ತರ. ಮಾತನಾಡದ ಮೊದಲ ಎರಡು ದಿನ ಆ ಒಳಗಿನ ಗದ್ದಲ ಹೆಚ್ಚಾದಂತೆ ಅನಿಸುವುದು ಸಹಜ, ಏಕೆಂದರೆ ಅದನ್ನು ಮುಚ್ಚುತ್ತಿದ್ದ ಹೊರಗಿನ ಮಾತು ಈಗ ಇಲ್ಲ.

ನನ್ನ ಒಳಗಿನ ವಾದ ಬಹುಕಾಲ ಹೊಲದ ಪಾಲಿನ ಬಗ್ಗೆ ಇತ್ತು. ಅಣ್ಣ-ತಮ್ಮಂದಿರ ನಡುವಿನ ಆ ಹಳೆಯ ಮನಸ್ತಾಪ ನೆನಪಾದಾಗಲೆಲ್ಲ ಎದೆಯಲ್ಲಿ ಬಿಸಿ ಏರುತ್ತಿತ್ತು. ಕಥೆಯನ್ನು ಬದಿಗಿಟ್ಟು ಆ ಬಿಸಿಯನ್ನೇ ನೋಡುತ್ತ ಹೋದಾಗ ಸಿಟ್ಟಿನ ಕೆಳಗೆ ಭಯ ಕಂಡಿತು: ಮನೆಯಲ್ಲಿ ನನಗೆ ಬೆಲೆಯಿಲ್ಲದಂತಾದೀತು ಎಂಬ ಭಯ. ಹಿಡಿತದ ಬುಡದಲ್ಲಿ ಬಹುಪಾಲು ಭಯವೇ ಇರುತ್ತದೆ ಎಂದು ಅಂದಿನಿಂದ ನನಗೆ ಅನಿಸಿದೆ.

ಆದ್ದರಿಂದಲೇ ಗದಗ ಜಿಲ್ಲೆಯ ಡಂಬಳದ ಶಾಸನ ನನಗೆ ಆಪ್ತ. ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1095ರ ಸುಮಾರಿಗೆ ಹಾಕಿಸಿದ ಆ ಶಾಸನ ಊರಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನು ಹೇಳುತ್ತದೆ. ಅದರಲ್ಲಿ ಸ್ತುತಿಸಲಾದ ಬೌದ್ಧ ದೇವತೆ ತಾರಾದೇವಿ ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ನೀರು, ಪಿಶಾಚಿ ಎಂಬ ಎಂಟು ಭಯಗಳನ್ನು ಶಮನ ಮಾಡುವವಳು. ದಾರಿ ನಡೆದು ವ್ಯಾಪಾರ ಮಾಡುತ್ತಿದ್ದವರು ತಮ್ಮ ಭಯಗಳನ್ನು ಹೀಗೆ ಒಂದೊಂದಾಗಿ ಹೆಸರಿಟ್ಟು ಕರೆದರು. ಡಂಬಳಕ್ಕೆ ಹೋದವರು ಇಂದು ದೊಡ್ಡಬಸಪ್ಪನ ಗುಡಿಯನ್ನು ನೋಡಿ ಬರುತ್ತಾರೆ; ಅದೇ ನೆಲದಲ್ಲಿ ತಾರೆಯ ಪೂಜೆಯೂ ನಡೆಯುತ್ತಿತ್ತು ಎಂಬುದನ್ನು ನಮ್ಮ ಮಕ್ಕಳಿಗೂ ಹೇಳಬೇಕು.

ಮನೆಯಲ್ಲಿ ಕೂರಲು ಬಯಸುವವರು ನಿಶ್ಶಬ್ದಕ್ಕಾಗಿ ಕಾಯಬೇಕಾಗಿಲ್ಲ. ಹುಬ್ಬಳ್ಳಿಯ ಓಣಿಯಲ್ಲಿ ಬೆಳಗಿನ ಐದಕ್ಕೇ ನಳ ಬಂದರೆ ಕೊಡಗಳ ಸದ್ದು ಶುರುವಾಗುತ್ತದೆ. ಆ ಸದ್ದು ಕಿವಿಗೆ ಬಿತ್ತು ಎಂದು ತಿಳಿದು ಉಸಿರಿಗೆ ಮರಳಿದರೆ ಸಾಕು. ಕೆಳಗೆ ಕೂರಲಾಗದವರು ಕುರ್ಚಿಯ ಮೇಲೆ ಕೂರಬಹುದು, ಅದರಿಂದ ಯಾವ ಕೊರತೆಯೂ ಇಲ್ಲ. ಆದರೆ ಖಿನ್ನತೆಗೋ ತೀವ್ರ ಆತಂಕಕ್ಕೋ ಔಷಧ ತೆಗೆದುಕೊಳ್ಳುತ್ತಿರುವವರು ಹತ್ತು ದಿನಗಳ ಮೌನಕ್ಕೆ ಹೊರಡುವ ಮುನ್ನ ವೈದ್ಯರನ್ನು ಕೇಳಬೇಕು, ಶಿಬಿರದ ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬಾರದು, ಔಷಧವನ್ನು ತಾವಾಗಿ ನಿಲ್ಲಿಸಲೂಬಾರದು. ಅಂಥವರು ಮನೆಯಲ್ಲೇ ಹತ್ತು ನಿಮಿಷ ಉಸಿರನ್ನು ನೋಡುತ್ತ ಕೂರಲಿ. ಮನೆಯವರಲ್ಲಿ ಒಬ್ಬರು ಜೊತೆಗೆ ಕುಳಿತರೆ ಇನ್ನೂ ಒಳ್ಳೆಯದು.